ಹೊಸಬರಿಗೆ ನಿಯಮ ಕಲಿಸಿ ಟ್ರೇಡರ್ ಮಾಡಬಹುದಾ?

ಪರ: ಕಲಿಸಬಹುದು, ಕಲಿಸಲೇಬೇಕು

ಈ ಜಗಳ ಇವತ್ತಿನದಲ್ಲ. 1983ರಲ್ಲಿ ಷಿಕಾಗೊದಲ್ಲಿ ಇಬ್ಬರು ಹಳೇ ಗೆಳೆಯರು ಇದಕ್ಕೇ ಪಂತ ಕಟ್ಟಿದ್ದರು. ಒಬ್ಬರು ರಿಚರ್ಡ್ ಡೆನಿಸ್. ಮನೆಯವರಿಂದ 1600 ಡಾಲರ್ ತಂದು, ಅದರಲ್ಲಿ 1200 ಒಂದು ಸಣ್ಣ ಎಕ್ಸ್‌ಚೇಂಜಿನ ಸೀಟಿಗೇ (ಅಲ್ಲಿ ವ್ಯಾಪಾರ ಮಾಡುವ ಹಕ್ಕಿಗೆ) ಕೊಟ್ಟು, ಉಳಿದ 400ರಲ್ಲಿ ಆಟ ಶುರು ಮಾಡಿ, ಕಮಾಡಿಟಿ, ಅಂದರೆ ಸರಕುಗಳ, ಮಾರುಕಟ್ಟೆಯಲ್ಲಿ ದೊಡ್ಡ ಕುಳ ಅನ್ನಿಸಿಕೊಂಡವರು. ಇನ್ನೊಬ್ಬರು ವಿಲಿಯಂ ಎಕ್‌ಹಾರ್ಟ್, ಗಣಿತ ಓದಿದವರು. ಟ್ರೇಡಿಂಗ್ ಕಲಿಸಬಹುದು ಅಂತ ಡೆನಿಸ್ ವಾದ. ಇಲ್ಲಪ್ಪ, ಅದು ಹುಟ್ಟಿನಿಂದಲೇ ಬರಬೇಕು ಅಂತ ಎಕ್‌ಹಾರ್ಟ್. ಕೊನೆಗೆ ಪೇಪರಿನಲ್ಲಿ ಜಾಹೀರಾತು ಕೊಟ್ಟು ಜನರನ್ನು ಆರಿಸಿ, ಎರಡು ವಾರ ಕೂರಿಸಿ ಪಾಠ ಮಾಡಿ, ಡೆನಿಸ್ ತಮ್ಮದೇ ದುಡ್ಡನ್ನು ಅವರ ಕೈಗೆ ಕೊಟ್ಟರು. ಗುಂಪಿಗೆ ‘ಟರ್ಟಲ್ಸ್’ ಅಂತ ಹೆಸರು ಬಿತ್ತು. ಅದರಲ್ಲಿ ಲೆಕ್ಕಪತ್ರ ನೋಡುತ್ತಿದ್ದವರಿದ್ದರು, ಬೋರ್ಡ್ ಗೇಮ್ ಮಾಡುತ್ತಿದ್ದವರಿದ್ದರು, 19 ವರ್ಷದ ಹುಡುಗನೂ ಇದ್ದ. ಮುಂದಿನ ನಾಲ್ಕೈದು ವರ್ಷದಲ್ಲಿ ಇವರೆಲ್ಲ ಸೇರಿ ಗಳಿಸಿದ್ದು 10 ಕೋಟಿ ಡಾಲರಿಗೂ ಜಾಸ್ತಿ ಅನ್ನುವ ಲೆಕ್ಕವಿದೆ. ಅವರಲ್ಲಿ ಒಬ್ಬರಾದ ಜೆರ್ರಿ ಪಾರ್ಕರ್ 1988ರಲ್ಲಿ ಚೆಸಪೀಕ್ ಕ್ಯಾಪಿಟಲ್ ಅನ್ನುವ ತಮ್ಮದೇ ಕಂಪನಿ ಕಟ್ಟಿ, ದಶಕಗಟ್ಟಲೆ ಅದೇ ದಾರಿಯಲ್ಲಿ ದುಡ್ಡು ನಿಭಾಯಿಸಿದರು.

ಹೇಳಿಕೊಟ್ಟಿದ್ದು ಮಹಾ ಗುಟ್ಟೇನಲ್ಲ. ಬೆಲೆ ಕಳೆದ 20 ದಿನದ ಗರಿಷ್ಠ ದಾಟಿದರೆ ಕೊಳ್ಳು, 10 ದಿನದ ಕನಿಷ್ಠ ಮುರಿದರೆ ಹೊರಗೆ ಬಾ. ನಿಧಾನದ ಇನ್ನೊಂದು ಪದ್ಧತಿಗೆ 55 ದಿನ, ಹೊರಬರಲು 20 ದಿನ. ಬೀಳುವ ಮಾರುಕಟ್ಟೆಗೆ ಇದನ್ನೇ ಉಲ್ಟಾ ಮಾಡು. ಇಷ್ಟನ್ನು ನಮ್ಮ ಬೀದಿಯ ಯಾವ ಹುಡುಗನೂ ಅರ್ಧ ಗಂಟೆಯಲ್ಲಿ ಕಲಿಯುತ್ತಾನೆ.

ನಿಜವಾದ ಪಾಠ ಇದ್ದದ್ದು ಎಷ್ಟು ಕೊಳ್ಳಬೇಕು ಅನ್ನುವುದರಲ್ಲಿ. ಆ ಸರಕಿನ ಬೆಲೆ ದಿನಕ್ಕೆ ಸರಾಸರಿ ಎಷ್ಟು ಅಲುಗಾಡುತ್ತದೆ ಅಂತ 20 ದಿನದ ಲೆಕ್ಕ ತೆಗೆಯುತ್ತಿದ್ದರು, ಅದಕ್ಕೆ ‘ಎನ್’ ಅಂತ ಹೆಸರು. ಬೆಲೆ ಒಂದು ಎನ್ ಅಲುಗಾಡಿದರೆ ನಿಮ್ಮ ಒಟ್ಟು ದುಡ್ಡಿನ 1% ಮಾತ್ರ ಏರುಪೇರಾಗಬೇಕು, ಅಷ್ಟೇ ಕೊಳ್ಳಿ. ಎರಡು ಎನ್ ವಿರುದ್ಧ ಹೋದರೆ ಸ್ಟಾಪ್‌ಲಾಸ್, ಅಂದರೆ ನಷ್ಟ ಅಲ್ಲಿಗೇ ನಿಲ್ಲಿಸಿ ಹೊರಗೆ ಬನ್ನಿ. ಬೆಲೆ ನಿಮ್ಮ ಕಡೆಗೇ ಬಂದರೆ ಅರ್ಧ ಎನ್‌ಗೆ ಅಷ್ಟೇ ಗಾತ್ರದ ಒಂದು ಭಾಗದಂತೆ ಸೇರಿಸಿಕೊಂಡು ಹೋಗಿ, ಒಟ್ಟು ನಾಲ್ಕು ಭಾಗಕ್ಕೆ ನಿಲ್ಲಿಸಿ. ಗಮನಿಸಿ, ಇದರಲ್ಲಿ ‘ಮಾರುಕಟ್ಟೆ ನಾಳೆ ಏನಾಗುತ್ತದೆ’ ಅನ್ನುವ ಪ್ರಶ್ನೆಯೇ ಇಲ್ಲ.

ಹೊಸಬರಿಗೆ ಇದನ್ನು ಯಾಕೆ ಕಲಿಸಬೇಕು? ಅವರು ಹೇಗೂ ಬಂದಾಗಿದೆ, ಅದಕ್ಕೆ. ಫೋನಿನಲ್ಲೇ ಖಾತೆ ತೆರೆದಾಗಿದೆ, ಟೆಲಿಗ್ರಾಂನಲ್ಲಿ ಯಾರೋ ಇದನ್ನು ಕೊಳ್ಳಿ ಅಂತ ‘ಕಾಲ್’ ಕೊಡುತ್ತಾರೆ, ಇವರು ಒತ್ತುತ್ತಾರೆ. 2024ರ ಸೆಪ್ಟೆಂಬರಿನಲ್ಲಿ ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ ಹೊರಗಿಟ್ಟ ಅಧ್ಯಯನ ನೋಡಿ: ಮೂರು ವರ್ಷದಲ್ಲಿ ಫ್ಯೂಚರ್ಸ್, ಆಪ್ಷನ್ಸ್ (ಮುಂದಿನ ತಾರೀಖಿನ ಬೆಲೆಯ ಮೇಲೆ ಮಾಡುವ ಒಪ್ಪಂದಗಳು) ಆಡಿದ ಒಂದು ಕೋಟಿಗೂ ಹೆಚ್ಚು ಜನರಲ್ಲಿ 93% ಮಂದಿ ಕಳೆದುಕೊಂಡರು, ತಲಾ ಸುಮಾರು 2 ಲಕ್ಷ. ಅದೇ ವರದಿಯಲ್ಲಿ ಇನ್ನೊಂದು ಸಾಲಿದೆ, ಅದನ್ನು ಯಾರೂ ಹೇಳುವುದಿಲ್ಲ. ವಿದೇಶಿ ಹೂಡಿಕೆದಾರರು ಮತ್ತು ಸ್ವಂತ ದುಡ್ಡಲ್ಲಿ ಆಡುವ ದೊಡ್ಡ ಸಂಸ್ಥೆಗಳು ಮಾಡಿದ ಲಾಭದಲ್ಲಿ ಬಹುಪಾಲು, 95%ಕ್ಕೂ ಹೆಚ್ಚು, ಬಂದದ್ದು ಅಲ್ಗೊ ಟ್ರೇಡಿಂಗಿನಿಂದ. ಅಂದರೆ ಕಂಪ್ಯೂಟರಿಗೆ ಬರೆದಿಟ್ಟ ನಿಯಮದಿಂದ. ಗೆದ್ದವರು ನಿಯಮದ ಪ್ರಕಾರ ಆಡುತ್ತಿದ್ದರು, ಸೋತವರು ಮನಸ್ಸಿಗೆ ಬಂದ ಹಾಗೆ ಆಡುತ್ತಿದ್ದರು.

ಇನ್ನೊಂದು ಮಾತು, ನನಗೆ ಇದೇ ಮುಖ್ಯ. ನಿಯಮ ಅಂದರೆ ಜನರನ್ನು ಮಾರುಕಟ್ಟೆಗೆ ತಳ್ಳುವ ಸಾಧನ ಅಂತ ನೀವು ಅಂದುಕೊಂಡಿರಬಹುದು, ಆದರೆ ಅದು ಎಷ್ಟೋ ಸಲ ತಡೆಯುತ್ತದೆ. ಒಂದು ಲೆಕ್ಕ ಮಾಡೋಣ. ನಿಫ್ಟಿ ಷೇರು ಸೂಚ್ಯಂಕದ ಫ್ಯೂಚರ್ಸಿನ ಲಾಟ್ (ಕೊಳ್ಳಬಹುದಾದ ಕನಿಷ್ಠ ಗಾತ್ರ) 75 ಅಂತಿಟ್ಟುಕೊಳ್ಳಿ, ಎನ್ 200 ಪಾಯಿಂಟ್. ಒಂದು ಲಾಟ್ ಒಂದು ಎನ್ ಅಲುಗಾಡಿದರೆ 15,000 ರೂಪಾಯಿ. ಅದು ನಿಮ್ಮ ದುಡ್ಡಿನ 1% ಆಗಬೇಕು ಅಂದರೆ ಖಾತೆಯಲ್ಲಿ 15 ಲಕ್ಷ ಇರಬೇಕು! ಒಂದೂವರೆ ಲಕ್ಷ ಇಟ್ಟುಕೊಂಡು ಬಂದವನಿಗೆ ಈ ಪದ್ಧತಿ ಹೇಳುವುದು ಒಂದೇ: ಬೇಡ, ಮುಟ್ಟಬೇಡ. ಆ ‘ಬೇಡ’ ಅನ್ನುವುದನ್ನು ಅಪ್ಪ ಹೇಳಿದರೆ ಮಗ ಕೇಳುವುದಿಲ್ಲ, ತಾನೇ ಗುಣಾಕಾರ ಮಾಡಿ ನೋಡಿದರೆ ಕೇಳುವ ಸಾಧ್ಯತೆಯಾದರೂ ಇದೆ.

ಹಾಗೇ, ನಷ್ಟ ಬೇರೆ ತಪ್ಪು ಬೇರೆ ಅನ್ನುವುದೂ ನಿಯಮ ಇದ್ದವನಿಗೆ ಮಾತ್ರ ಗೊತ್ತಾಗುತ್ತದೆ. ಬೆಲೆ ಹೋದ ದಿಕ್ಕಿಗೇ ಹೋಗುವ ಈ ರೀತಿಯ ಟ್ರೆಂಡ್ ಪದ್ಧತಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಟ್ರೇಡುಗಳು ನಷ್ಟವೇ. ನಿಯಮದಂತೆ ಹೋಗಿ ಕಳೆದುಕೊಂಡರೆ ಅದು ಅಂಗಡಿ ಬಾಡಿಗೆ ಇದ್ದ ಹಾಗೆ, ಕಟ್ಟಿ ಮುಂದೆ ಹೋಗಬೇಕು. ನಿಯಮವೇ ಇಲ್ಲದವನು ಪ್ರತಿ ನಷ್ಟಕ್ಕೂ ಚಾರ್ಟಿನಲ್ಲಿ ಹೊಸ ಇಂಡಿಕೇಟರ್ (ಸೂಚಕ) ಹುಡುಕುತ್ತಾನೆ.

ವಿರೋಧ: ಕಲಿಸಿದ್ದು ನಿಯಮ, ಕೆಲಸ ಮಾಡಿದ್ದು ಬೇರೆ

ಮೇಲೆ ಬರೆದವರ ಲೆಕ್ಕದಲ್ಲಿ ತಪ್ಪಿಲ್ಲ. 15 ಲಕ್ಷ ಬೇಕು ಅನ್ನುವುದನ್ನಂತೂ ಪೂರ್ತಿ ಒಪ್ಪುತ್ತೇನೆ. ಈಗ ಹೇಳಿ, ಈ ಲೆಕ್ಕವನ್ನು ಮೊದಲ ದಿನವೇ ಬೋರ್ಡಿನ ಮೇಲೆ ಬರೆಯುವ ಮೇಷ್ಟ್ರ ಕ್ಲಾಸಿಗೆ ಎರಡನೇ ದಿನ ಎಷ್ಟು ಜನ ಬರುತ್ತಾರೆ? ಕೋರ್ಸ್ ಮಾರುವವರಿಗೆ ಅದು ಚೆನ್ನಾಗಿ ಗೊತ್ತು. ಹಾಗಾಗಿ 20 ದಿನದ ಬ್ರೇಕ್‌ಔಟ್ (ಗರಿಷ್ಠ ದಾಟಿದರೆ ಕೊಳ್ಳುವುದು) ಉಳಿಯುತ್ತದೆ, ಬಣ್ಣಬಣ್ಣದ ಚಾರ್ಟ್ ಉಳಿಯುತ್ತದೆ, ಎಷ್ಟು ಕೊಳ್ಳಬೇಕು ಅನ್ನುವ ಅಧ್ಯಾಯ ಮಾತ್ರ ಮೆಲ್ಲಗೆ ಕಾಣೆಯಾಗುತ್ತದೆ. ಫ್ಯೂಚರ್ಸಿಗೆ ದುಡ್ಡು ಸಾಲದಾ, ಚಿಂತೆಯಿಲ್ಲ, ವಾರದ ಆಪ್ಷನ್ ಕೊಳ್ಳಿ, ಐದು ಸಾವಿರ ಸಾಕು! ಎಕ್ಸ್‌ಪೈರಿ (ಒಪ್ಪಂದದ ಅವಧಿ ಮುಗಿಯುವ) ದಿನ ಮಧ್ಯಾಹ್ನದೊಳಗೆ ಸೊನ್ನೆಯಾಗಬಹುದಾದ ವಸ್ತುವಿಗೆ 20 ದಿನದ ಗರಿಷ್ಠ, 10 ದಿನದ ಕನಿಷ್ಠ ಅಂದರೆ ಏನರ್ಥ ಸ್ವಾಮಿ?

ಷಿಕಾಗೊ ಕಥೆಯನ್ನೂ ಪೂರ್ತಿ ಹೇಳಬೇಕಲ್ವಾ. ಡೆನಿಸ್ ದಾರಿಯಲ್ಲಿ ಹೋಗುತ್ತಿದ್ದವರನ್ನು ಹಿಡಿದು ತಂದು ಕೂರಿಸಲಿಲ್ಲ. ಸಾವಿರಕ್ಕೂ ಹೆಚ್ಚು ಅರ್ಜಿ ಬಂದಿದ್ದವು, ಪ್ರಶ್ನೆಪತ್ರಿಕೆ ಕೊಟ್ಟು, ಮಾತಾಡಿಸಿ, ಎರಡು ತಂಡ ಸೇರಿ ಇಪ್ಪತ್ತಕ್ಕೂ ಸ್ವಲ್ಪ ಹೆಚ್ಚು ಜನರನ್ನು ತೆಗೆದುಕೊಂಡರು. ಸಾವಿರದಲ್ಲಿ ಇಪ್ಪತ್ತನ್ನು ಸೋಸಿದ ಮೇಲೆ ‘ಯಾರಿಗೆ ಬೇಕಾದರೂ ಕಲಿಸಬಹುದು’ ಅನ್ನುವುದು ಹೇಗೆ ಸಾಬೀತಾಯಿತು?

ಅಷ್ಟಾದರೂ ಏನಾಯಿತು ನೋಡಿ. ಶುರುವಿನಲ್ಲೇ, 1984ರ ಮೊದಲ ತಿಂಗಳು, ಹೀಟಿಂಗ್ ಆಯಿಲ್ ಬೆಲೆ ಏರಿತು. ಎಲ್ಲರಿಗೂ ಅದೇ ಪಾಠ, ಅದೇ ಕೋಣೆ, ಅದೇ ನಿಯಮ. ನಾಲ್ಕು ಭಾಗ ಪೂರ್ತಿ ಕೊಂಡು ಕೂತವನು ತಾನೊಬ್ಬನೇ ಅಂತ ಆ 19 ವರ್ಷದ ಹುಡುಗ, ಕರ್ಟಿಸ್ ಫೇತ್, ಮುಂದೆ ಬರೆದ. ಉಳಿದವರು ಅಂಜಿ ಕಡಿಮೆ ಕೊಂಡಿದ್ದರು. ಸೋಸಿ ತೆಗೆದವರು, ಗುರುವಿನಿಂದ ನೇರವಾಗಿ ಕಲಿತವರು, ಅದೂ ಬೇರೆಯವರ ದುಡ್ಡು! ಇನ್ನು ಮಗಳ ಕಾಲೇಜ್ ಫೀಸಿಗೆ ಇಟ್ಟಿದ್ದನ್ನು ಹಾಕಿ ಕೂತವನು ಸತತ ಎಂಟು ನಷ್ಟದ ನಂತರ ಒಂಬತ್ತನೇ ಬ್ರೇಕ್‌ಔಟ್ ಕೊಳ್ಳುತ್ತಾನಾ? ಕೊಳ್ಳುವುದಿಲ್ಲ. ದೊಡ್ಡ ಲಾಭ ಬರುವುದು ಎಷ್ಟೋ ಸಲ ಆ ಒಂಬತ್ತನೆಯದರಲ್ಲೇ, ಅದಕ್ಕೇ ಹೊಟ್ಟೆ ಉರಿಯುವುದು. ನಿಯಮಗಳನ್ನು ಪೇಪರಿನಲ್ಲಿ ಅಚ್ಚು ಹಾಕಿಸಿದರೂ ಯಾರೂ ಪಾಲಿಸುವುದಿಲ್ಲ ಅನ್ನುವ ಅರ್ಥದ ಮಾತನ್ನು ಡೆನಿಸ್ ಅವರೇ ಆಡಿದ್ದರು.

ದುಡ್ಡು ಬೇರೆಯವರದು ಅನ್ನುವುದು ಸಣ್ಣ ವಿಷಯ ಅಲ್ಲ. ಆ ಹುಡುಗರು ಖಾತೆ ಪೂರ್ತಿ ಮುಳುಗಿಸಿದರೂ ಅವರ ಮನೆ ಬಾಡಿಗೆ ನಿಲ್ಲುತ್ತಿರಲಿಲ್ಲ. ನಷ್ಟ ಡೆನಿಸ್‌ಗೆ, ಲಾಭದಲ್ಲಿ ಪಾಲು ಇವರಿಗೆ. ಧೈರ್ಯ ಅಂತ ನಾವು ಕರೆಯುವುದರಲ್ಲಿ ಅರ್ಧ ಅಲ್ಲೇ ಇತ್ತು. ಮೇಲಾಗಿ ಅವರು ಕಾಫಿ, ಸಕ್ಕರೆ, ಹತ್ತಿ, ಚಿನ್ನ, ಬಾಂಡು, ಕರೆನ್ಸಿ ಅಂತ ಒಂದಕ್ಕೊಂದು ಸಂಬಂಧವಿಲ್ಲದ ಹತ್ತಾರು ಕಡೆ ಹಂಚಿ ಆಡುತ್ತಿದ್ದರು. ಸಣ್ಣ ಖಾತೆಯವನಿಗೆ ಅದು ಆಗುತ್ತದಾ? ಅವನಿಗೆ ನಿಫ್ಟಿ, ಬ್ಯಾಂಕ್ ನಿಫ್ಟಿ, ಎರಡೇ. ಒಂದು ಬಿದ್ದರೆ ಇನ್ನೊಂದೂ ಬೀಳುತ್ತದೆ.

ಸ್ಟಾಪ್‌ಲಾಸ್ ಬಗ್ಗೆಯೂ ಒಂದು ಮಾತು. ಎರಡು ಎನ್‌ಗೆ ಹೊರಗೆ ಬರುತ್ತೇವೆ ಅನ್ನುವುದು ಮಾರುಕಟ್ಟೆ ಆ ಬೆಲೆಯಲ್ಲಿ ಬಾಗಿಲು ತೆರೆದಿಟ್ಟರೆ ಮಾತ್ರ. 1987ರ ಅಕ್ಟೋಬರ್ 19ರಂದು ಅಮೆರಿಕದ ಷೇರು ಸೂಚ್ಯಂಕ ಡೌ ಜೋನ್ಸ್ ಒಂದೇ ದಿನ 22.6% ಬಿತ್ತು. ಅಂಥ ದಿನಗಳಲ್ಲಿ ನಿಮ್ಮ ಸ್ಟಾಪ್ ಒಂದು ಕಡೆ, ಸಿಗುವ ಬೆಲೆ ಇನ್ನೊಂದು ಕಡೆ. ಮರು ವರ್ಷ, 1988ರಲ್ಲಿ, ಡೆನಿಸ್ ನಡೆಸುತ್ತಿದ್ದ ಸಾರ್ವಜನಿಕ ಫಂಡುಗಳು ಅರ್ಧದಷ್ಟು ಕಳೆದುಕೊಂಡು ಮುಚ್ಚಿದವು, ಟರ್ಟಲ್ಸ್ ಕಾರ್ಯಕ್ರಮವೂ ನಿಂತಿತು, ಡೆನಿಸ್ ಟ್ರೇಡಿಂಗಿನಿಂದಲೇ ಹಿಂದೆ ಸರಿದರು. ನಿಯಮ ಕಲಿಸಿದ ಮೇಷ್ಟ್ರ ಕಥೆಯೇ ಹೀಗೆ. ಪರ ವಾದದಲ್ಲಿ ಈ 1988 ಯಾಕೋ ಜೆರ್ರಿ ಪಾರ್ಕರ್ ಕಂಪನಿ ಶುರುವಾದ ವರ್ಷವಾಗಿ ಮಾತ್ರ ಬಂದಿದೆ.

ಅಲ್ಗೊ ವಿಷಯಕ್ಕೆ ಬರೋಣ. ಗೆದ್ದವರು ನಿಯಮದ ಪ್ರಕಾರ ಆಡಿದರು, ನಿಜ. ಆದರೆ ಅವರು ಆಡಿದ್ದು ಯಾರ ಎದುರು? ಆ ಕಡೆ ಎಕ್ಸ್‌ಚೇಂಜಿನ ಪಕ್ಕದಲ್ಲೇ ಸರ್ವರ್ ಇಟ್ಟ ಸಂಸ್ಥೆ, ಈ ಕಡೆ ಆಫೀಸಿನ ಟಾಯ್ಲೆಟ್‌ನಲ್ಲಿ ಕೂತು ಫೋನ್ ಒತ್ತುವ ನಾವು. ನಮಗೂ ಒಂದು ನಿಯಮ ಕಲಿಸಿದ ಕೂಡಲೇ ಇಬ್ಬರೂ ಸಮ ಆಗಿಬಿಡುವುದಿಲ್ಲ. ಜೊತೆಗೆ ಖರ್ಚು. ಬ್ರೋಕರೇಜ್, ತೆರಿಗೆ ಅಂತ 2023-24ರಲ್ಲಿ ಒಬ್ಬೊಬ್ಬ ಟ್ರೇಡರ್ ಸರಾಸರಿ 26,000 ರೂಪಾಯಿ ಕೊಟ್ಟಿದ್ದಾನೆ ಅಂತ ಅದೇ ಸೆಬಿ ವರದಿಯಲ್ಲಿದೆ. ಶಿಸ್ತಾಗಿ ಪ್ರತಿ ಸಿಗ್ನಲ್ಲಿಗೂ ಒತ್ತಿದರೆ ಈ ಖರ್ಚೂ ಅಷ್ಟೇ ಶಿಸ್ತಾಗಿ ಹೋಗುತ್ತದೆ.

‘ಬೇಡ’ ಅನ್ನುವುದನ್ನು ಜನ ತಾವೇ ಲೆಕ್ಕ ಮಾಡಿ ಒಪ್ಪುತ್ತಾರೆ ಅಂತ ಒಂದು ಆಸೆ ಮೇಲೆ ಇದೆ. ನನಗೆ ನಂಬಿಕೆಯಿಲ್ಲ. ಸತತ ಎರಡು ವರ್ಷ ಕಳೆದುಕೊಂಡವರಲ್ಲೂ ಮುಕ್ಕಾಲು ಪಾಲಿಗಿಂತ ಹೆಚ್ಚು ಜನ ಮತ್ತೆ ಬಂದು ಆಡಿದ್ದಾರೆ, ಇದೂ ಅದೇ ವರದಿ. ಅವರಿಗೆ ಲೆಕ್ಕ ಬರುವುದಿಲ್ಲ ಅಂತಲ್ಲ. ಇಂಥವರ ಕೈಗೆ ಒಂದು ‘ಸಿಸ್ಟಮ್’ ಕೊಟ್ಟರೆ, ಬಿಡಬೇಕು ಅಂದುಕೊಂಡಿದ್ದವನಿಗೂ ಇನ್ನೊಂದು ವರ್ಷ ಆಡಲು ನೆಪ ಸಿಗುತ್ತದೆ. ಹಿಂದೆ ಸೋತಿದ್ದು ನಿಯಮ ಇಲ್ಲದೆ, ಈಗ ನಿಯಮ ಇದೆಯಲ್ಲ ಅಂತ.

2025ರ ಜನವರಿಯಲ್ಲಿ ಸೆಬಿ, ಬರೀ ಪಾಠ ಮಾಡುತ್ತೇವೆ ಅನ್ನುವವರು ಹಿಂದಿನ ಮೂರು ತಿಂಗಳ ಬೆಲೆ ಬಳಸಬಾರದು ಅಂತ ಹೇಳಿತು. ಪಾಠದ ಹೆಸರಲ್ಲಿ ಟಿಪ್ಸ್ ಮಾರುವುದನ್ನು ತಡೆಯುವುದಕ್ಕೆ. ಒಳ್ಳೆಯದೇ, ಆದರೆ ಅಷ್ಟರಿಂದ ನಾನು ಪಕ್ಷ ಬದಲಿಸುವುದಿಲ್ಲ. ಷಿಕಾಗೊದಲ್ಲಿ ಕಲಿಯುವವರಿಂದ ಫೀಸ್ ತೆಗೆದುಕೊಂಡಿರಲಿಲ್ಲ, ಬದಲಿಗೆ ಲಕ್ಷಾಂತರ ಡಾಲರಿನ ಖಾತೆ ಕೊಟ್ಟಿದ್ದರು. ಇಲ್ಲಿ ಮೂವತ್ತು ಸಾವಿರ ಫೀಸ್ ಕೇಳುವ ಮೇಷ್ಟ್ರು ಯಾರಾದರೂ ಆ ಷರತ್ತಿಗೆ ಒಪ್ಪಿ, ತಮ್ಮ ದುಡ್ಡು ಕೊಟ್ಟು ನನ್ನ ಕೈಲಿ ಟ್ರೇಡ್ ಮಾಡಿಸಿದರೆ, ನಾಳೆಯೇ ಹೋಗಿ ಸೇರುತ್ತೇನೆ.