ಡಬಲ್ ಕ್ಲಿಕ್ ಮಾಡಿದ್ರೆ ಸಾಕಾಗಲ್ಲ ಸಾರ್

ಪ್ಲೇಸ್ಟೇಷನ್ 2 ಆಟಗಳನ್ನ ಕಂಪ್ಯೂಟರಲ್ಲಿ ಆಡಿಸೋ ಎಮ್ಯುಲೇಟರ್‌ನ ಆ್ಯಪ್‌ಇಮೇಜ್ (ಲಿನಕ್ಸ್‌ನಲ್ಲಿ ಇನ್‌ಸ್ಟಾಲ್ ಮಾಡದೇ ಓಡಿಸೋ ಒಂದೇ ಫೈಲು) ಇಳಿಸ್ಕೊಂಡು ಡಬಲ್ ಕ್ಲಿಕ್ ಮಾಡಿದರೆ ಮುಗೀತು ಅಂತ ಬರೆದಿದ್ದೀರಿ. ತುಮಕೂರಿನ ಎಸ್.ಎಸ್. ಪುರಂನ ನಮ್ಮನೇಲಿ ಅಕ್ಕನ ಮಗ ಅರ್ಧ ಗಂಟೆ ಕ್ಲಿಕ್ಕಿಸಿದ. ಮೌಸ್ ಪಕ್ಕ ಚಕ್ರ ಎರಡು ಸುತ್ತು ತಿರುಗಿ ಸುಮ್ಮನಾಗೋದು, ಅಷ್ಟೇ. ಫೈಲಿಗೆ ರನ್ ಆಗೋ ಅನುಮತಿ ಕೊಟ್ಟಿದ್ದೂ ಆಯ್ತು. ಕೊನೆಗೆ ಆಜ್ಞೆ ಟೈಪ್ ಮಾಡೋ ಟರ್ಮಿನಲ್‌ನಿಂದ ಓಡಿಸಿದಾಗ ಬಾಯಿಬಿಡ್ತು: ಆ್ಯಪ್‌ಇಮೇಜ್ ತೆರೆಯೋಕೆ ಬೇಕಾದ ಲಿಬ್‌ಫ್ಯೂಸ್2 ಅನ್ನೋ ಲೈಬ್ರರಿ ಇಲ್ಲ. ನಮ್ಮ ಲಿನಕ್ಸ್ ಆದ ಉಬುಂಟುವಿನಲ್ಲಿ 22.04 ಆವೃತ್ತಿಯಿಂದ ಈಚೆಗೆ ಅದು ತಾನಾಗೇ ಬರಲ್ಲ. 24.04ರಲ್ಲಂತೂ ಪ್ಯಾಕೇಜಿನ ಹೆಸರಿಗೆ ‘ಟಿ64’ ಅಂತ ಬಾಲ ಬೇರೆ! ಹೆಸರು ಹೋಲುತ್ತಲ್ಲ ಅಂತ ಬರೀ ‘ಫ್ಯೂಸ್’ ಹಾಕೋಕೆ ಹೋಗ್ಬೇಡಿ. ಅದು ಈಗಾಗಲೇ ಇರೋ ಹೊಸ ಆವೃತ್ತಿ ಫ್ಯೂಸ್3 ಕಿತ್ತುಹಾಕಿ, ಜೊತೆಗೆ ಡೆಸ್ಕ್‌ಟಾಪಿನ ಒಂದಷ್ಟು ಭಾಗಾನೂ ಎಳ್ಕೊಂಡು ಹೋಗಬಹುದು. ಈಗ ಹುಡುಗ ಎಮ್ಯುಲೇಟರ್ ಕೇಳೋ ಬಯೋಸ್ (ಪ್ಲೇಸ್ಟೇಷನ್ ಒಳಗಿರೋ ಮೂಲ ಸಾಫ್ಟ್‌ವೇರ್) ಎಲ್ಲಿ ಅಂತಿದ್ದಾನೆ. ಅದನ್ನ ತೆಗೆಯೋಕೆ ಅಟ್ಟದ ಮೇಲಿನ ಹಳೇ ಪ್ಲೇಸ್ಟೇಷನ್ 2 ಇಳಿಸಿ ಧೂಳು ಒರೆಸ್ತಿದ್ದೀವಿ.