ಮಕ್ಕಳ ಲಸಿಕೆಯಿಂದ ಆ್ಯಂಟಿಬಯಾಟಿಕ್ ನಿರೋಧ ತಗ್ಗೀತೇ?

ಪರ

ಪುಟ್ಟ ಮಕ್ಕಳ ಮೂಗಿನ ಹಿಂಭಾಗದಲ್ಲಿ ನ್ಯುಮೋನಿಯಾ ತರುವ ನ್ಯುಮೊಕಾಕಸ್ ಎಂಬ ಬ್ಯಾಕ್ಟೀರಿಯಾ ಸದ್ದಿಲ್ಲದೆ ಬೀಡುಬಿಟ್ಟಿರುತ್ತದೆ. ಮಗು ಆಡಿಕೊಂಡೇ ಇರುತ್ತದೆ. ಕಿವಿನೋವಿಗೋ ಜ್ವರಕ್ಕೋ ಆ್ಯಂಟಿಬಯಾಟಿಕ್ ಕುಡಿಸಿದಾಗಲೆಲ್ಲ ಅದಕ್ಕೆ ಬಗ್ಗುವ ತಳಿ ಸತ್ತು, ಬಗ್ಗದ್ದು ಅಲ್ಲೇ ಉಳಿಯುತ್ತದೆ. ಆ್ಯಂಟಿಬಯಾಟಿಕ್ ನಿರೋಧ ಎಂದರೆ ಇದೇ. ಎತ್ತಿ ಮುದ್ದಾಡುವ ಅಜ್ಜಿಗೂ ಅದೇ ದಾಟುತ್ತದೆ. ಲಸಿಕೆ ಕೈಹಾಕುವುದು ಈ ಬುಡಕ್ಕೇ.

ಅಮೆರಿಕದಲ್ಲಿ 2000ದಲ್ಲಿ ಈ ಬ್ಯಾಕ್ಟೀರಿಯಾದ ಏಳು ಬಗೆಗಳ ವಿರುದ್ಧದ ಲಸಿಕೆ ಶುರುವಾಯಿತು. ಪೆನಿಸಿಲಿನ್‌ಗೆ ಬಗ್ಗದ ತಳಿಗಳು ಹೆಚ್ಚಾಗಿ ಆ ಏಳರಲ್ಲೇ ಇದ್ದವು. 2004ರ ಹೊತ್ತಿಗೆ ಎರಡು ವರ್ಷದೊಳಗಿನ ಮಕ್ಕಳಲ್ಲಿ ಅಂಥ ತಳಿಗಳ ತೀವ್ರ ಸೋಂಕು ಶೇ 81ರಷ್ಟು ಇಳಿಯಿತು. ಶೇ 81! ಈ ಲಸಿಕೆ ಹಾಕಿಸಿಕೊಳ್ಳದ ವೃದ್ಧರಲ್ಲೂ ಇಳಿಯಿತು. ಯಾವ ಹೊಸ ಮಾತ್ರೆ ಇಷ್ಟು ಮಾಡಿದೆ?

‘ಒಂದು ಹೋದರೆ ಇನ್ನೊಂದು ಬರುತ್ತೆ’ ಎನ್ನುವವರಿದ್ದಾರೆ. ಹಾಗಾದರೆ ಮನೆಗೆ ಬೀಗವೂ ಬೇಡವೇ? 19ಎ ಎಂಬ ಬಗೆ ತಲೆಯೆತ್ತಿತು, 2010ರ ಲಸಿಕೆಯಲ್ಲಿ ಅದನ್ನೂ ಸೇರಿಸಿದರು. ಪುಣೆಯಲ್ಲಿ ತಯಾರಾಗುವ ಲಸಿಕೆ ನ್ಯುಮೊಸಿಲ್‌ನಲ್ಲೂ 19ಎ ಇದೆ. 2021ರಿಂದ ದೇಶದ ಎಲ್ಲೆಡೆ ಸರ್ಕಾರವೇ ಈ ಲಸಿಕೆಯನ್ನು ಪುಕ್ಕಟೆ ಹಾಕಿಸುತ್ತಿದೆ: ಆರು ವಾರಕ್ಕೆ, ಹದಿನಾಲ್ಕು ವಾರಕ್ಕೆ, ಒಂಬತ್ತು ತಿಂಗಳಿಗೆ. ಮೂರನೆಯದನ್ನು ಮರೆಯುವ ತಾಯ್ತಂದೆಯರೇ, ದಯವಿಟ್ಟು ಇವತ್ತೇ ಕಾರ್ಡ್ ತೆಗೆದು ನೋಡಿ.

ವಿರೋಧ

ಈ ಪಕ್ಷ ನನ್ನ ಪಾಲಿಗೆ ಬಂದಿದೆ. ಮೊಮ್ಮಗಳಿಗೆ ಮೂರೂ ಡೋಸ್ ನಾನೇ ಎತ್ತಿಕೊಂಡು ಹೋಗಿ ಹಾಕಿಸಿದ್ದೇನೆ, ಲಸಿಕೆ ಬೇಡ ಎನ್ನಲಾರೆ. ನಿರೋಧದ ವಿಷಯದಲ್ಲಿ ಅದನ್ನೇ ನೆಚ್ಚಿ ಕೂರಬೇಡಿ ಎಂಬಷ್ಟೇ ನನ್ನ ವಾದ. ನ್ಯುಮೊಕಾಕಸ್‌ನಲ್ಲಿ ನೂರಕ್ಕೂ ಹೆಚ್ಚು ಬಗೆ, ನ್ಯುಮೊಸಿಲ್‌ನಲ್ಲಿ ಹತ್ತು. ಲಸಿಕೆಯಿಂದ ಆ ಹತ್ತು ತೆರವಾದ ಮೂಗಿಗೆ ಉಳಿದವು ಬಂದು ಸೇರುತ್ತವೆ. ಅಮೆರಿಕದ ಲೆಕ್ಕ ಅಮೆರಿಕಕ್ಕೆ.

ಕಳೆದ ಮಳೆಗಾಲದಲ್ಲಿ ಮೊಮ್ಮಗಳಿಗೆ ನೆಗಡಿಯಾಯಿತು. ಮಗ ಔಷಧಿ ಅಂಗಡಿಯಿಂದ ಅಮಾಕ್ಸಿಸಿಲಿನ್ ಎಂಬ ಆ್ಯಂಟಿಬಯಾಟಿಕ್ ತಂದ, ಗೆರೆಯವರೆಗೆ ನೀರು ಹಾಕಿ ಕುಲುಕುವ ಪುಡಿಯ ಬಾಟಲಿ. ಅಂಗಡಿಯವರು ಚೀಟಿ ಕೇಳಲಿಲ್ಲ. ನೆಗಡಿ ವೈರಸ್‌ನದು, ಅದಕ್ಕೆ ಈ ಔಷಧಿ ನಾಟುವುದೇ ಇಲ್ಲ. ಎರಡು ದಿನಕ್ಕೆ ಮೂಗು ಸೋರುವುದು ನಿಂತಿತು, ಅರ್ಧ ಬಾಟಲಿ ಫ್ರಿಜ್ಜಿನ ಬಾಗಿಲಲ್ಲಿ ಉಳಿಯಿತು. ವಾರ ಕಳೆದು ಪಕ್ಕದ ಮನೆಯ ಮಗು ಕೆಮ್ಮಿದಾಗ ನನ್ನ ಹೆಂಡತಿ ಅದನ್ನೇ ಸೆರಗಿನಲ್ಲಿ ಒರೆಸಿ ಕೊಟ್ಟಳು. ನಾನು ಅಲ್ಲೇ ಕೂತಿದ್ದೆ, ಬೇಡ ಎನ್ನಲಿಲ್ಲ. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆ ಮಗುವಿಗೂ ಮೂರು ಡೋಸ್ ಆಗಿತ್ತು.