ಕೋಟು ಹಾಕಿಕೊಂಡ ಸೇವೆ

ಏಪ್ರಿಲ್ ತಿಂಗಳ ಸಂಜೆ ಬಳ್ಳಾರಿಯಲ್ಲಿ ಕೋಟು ತೊಟ್ಟವರೊಬ್ಬರು ಎದುರಾದರೆ, ವಕೀಲರಲ್ಲವೆಂದು ಖಾತ್ರಿಯಾದ ಮೇಲೆ, ಉಳಿಯುವುದು ಎರಡೇ ಊಹೆ: ಮದುಮಗ, ಇಲ್ಲವೇ ಸೇವಾ ಕ್ಲಬ್ಬಿನ ಅಧ್ಯಕ್ಷ. ಮದುಮಗನ ಕಷ್ಟ ಆರತಕ್ಷತೆಯ ರಾತ್ರಿಗೆ ಮುಗಿಯುತ್ತದೆ. ಅಧ್ಯಕ್ಷರದು ಜುಲೈ 1ಕ್ಕೆ ಆರಂಭವಾಗಿ ಮರುವರ್ಷದ ಜೂನ್ 30ರವರೆಗೆ ವಾರವಾರವೂ ನಡೆಯುತ್ತದೆ. ಸಾಲದ್ದಕ್ಕೆ ಕೊರಳಲ್ಲಿ ಹಿಂದಿನ ಅಧ್ಯಕ್ಷರೆಲ್ಲರ ಹೆಸರು ಕೆತ್ತಿದ ಬಿಲ್ಲೆಗಳ ಪಟ್ಟಿ ಬೇರೆ. ಹಗಲೆಲ್ಲ ಕಾದ ಕೋಟೆಯ ಗುಡ್ಡ ತಾನು ಕುಡಿದ ಬಿಸಿಲನ್ನು ಊರಿಗೆ ವಾಪಸು ಕೊಡುವ ಹೊತ್ತು ಯಾವುದೋ, ನಮ್ಮ ವಾರದ ಸಭೆಯ ಹೊತ್ತೂ ಅದೇ.

ತಪ್ಪು ಕೋಟಿನದಲ್ಲ, ಈ ಪದ್ಧತಿ ಹುಟ್ಟಿದ ಊರಿನದು. 1905ರ ಫೆಬ್ರವರಿ 23ರಂದು ಚಿಕಾಗೊ ನಗರದ ಒಂದು ಕಚೇರಿಯಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲರು ಮೂವರು ಗೆಳೆಯರೊಂದಿಗೆ ಕುಳಿತು ರೋಟರಿಯ ಮೊದಲ ಸಭೆ ನಡೆಸಿದರು. ಫೆಬ್ರವರಿಯ ಚಿಕಾಗೊದಲ್ಲಿ ಕೋಟು ಅಲಂಕಾರವಲ್ಲ, ಪ್ರಾಣರಕ್ಷಣೆ. ಆ ಕ್ಲಬ್ಬಿನವರು ಕೈಹಾಕಿದ ಆರಂಭದ ಊರ ಕೆಲಸಗಳಲ್ಲಿ ಒಂದು, 1907ರಲ್ಲಿ ಸಾರ್ವಜನಿಕ ಶೌಚಾಲಯ ಕಟ್ಟಿಸಲು ಓಡಾಡಿದ್ದು. ನಮ್ಮ ಪದಗ್ರಹಣ ಸಮಾರಂಭದ ಭಾಷಣಗಳಲ್ಲಿ ಚಿಕಾಗೊ ತಪ್ಪದೆ ಬರುತ್ತದೆ, ಶೌಚಾಲಯ ಬರುವುದಿಲ್ಲ. ನನಗಂತೂ ಇಡೀ ಚರಿತ್ರೆಯಲ್ಲಿ ಹೆಚ್ಚು ಹಿಡಿಸಿದ ಭಾಗ ಅದೇ. ಅದೇ ಊರಿನಲ್ಲಿ ವಿಮೆ ವ್ಯವಹಾರದ ಮೆಲ್ವಿನ್ ಜೋನ್ಸ್ 1917ರಲ್ಲಿ ಲಯನ್ಸ್ ಕ್ಲಬ್ಬುಗಳನ್ನು ಒಗ್ಗೂಡಿಸಿದರು. 1925ರಲ್ಲಿ ಅವರ ಸಮ್ಮೇಳನಕ್ಕೆ ಬಂದ ಹೆಲೆನ್ ಕೆಲ್ಲರ್ ಕಣ್ಣಿಲ್ಲದವರ ಪರವಾಗಿ ನಿಲ್ಲಿ ಎಂದು ಕೇಳಿಕೊಂಡರು. ನಮ್ಮ ಹಳ್ಳಿಗಳ ಕಣ್ಣಿನ ಪೊರೆಯ ಶಿಬಿರಗಳ ಎಳೆಯೊಂದನ್ನು ಹಿಡಿದು ಹೋದರೆ ಅಲ್ಲಿಗೆ ಮುಟ್ಟುತ್ತದೆ. ಬಳ್ಳಾರಿಯಲ್ಲಿ ಎರಡೂ ಪರಂಪರೆಯವರಿದ್ದಾರೆ. ನಮ್ಮ ಕ್ಲಬ್ಬು ಯಾವುದೆಂದು ಹೇಳುವುದಿಲ್ಲ. ಹೇಳಿದರೆ ಬರುವ ವಾರ ದಂಡ ಕಟ್ಟಬೇಕಾದೀತು.

ದಂಡ ಹಾಕುವುದಕ್ಕೆಂದೇ ನಮ್ಮಲ್ಲಿ ಒಬ್ಬ ಪದಾಧಿಕಾರಿ ಇದ್ದಾರೆ. ಹಗಲು ಬಟ್ಟೆಯಂಗಡಿಯಲ್ಲಿ ಗಿರಾಕಿಗಳ ಚೌಕಾಸಿಗೆ ನಗುನಗುತ್ತ ಬಗ್ಗುವ ಈ ಮನುಷ್ಯ ರಾತ್ರಿ ಹತ್ತು ರೂಪಾಯಿಯನ್ನೂ ಬಿಡುವುದಿಲ್ಲ. ಮೊಬೈಲ್ ಮೊಳಗಿದರೆ ದಂಡ, ಎದೆಗೆ ಪಿನ್ನು ಸಿಕ್ಕಿಸದಿದ್ದರೆ ದಂಡ, ತಡವಾಗಿ ಬಂದರೆ ದಂಡ. ಇವೆಲ್ಲ ಅರ್ಥವಾಗುವ ಮಾತು. ಆದರೆ ಮಗಳ ನಿಶ್ಚಿತಾರ್ಥವಾದರೆ, ಪತ್ರಿಕೆಯಲ್ಲಿ ಫೋಟೊ ಬಂದರೆ, ಹೊಸ ಕಾರು ಕೊಂಡರೆ ಅದಕ್ಕೂ ದಂಡ. ಜನ ದುಃಖದಿಂದ ಕಟ್ಟುವ ದಂಡ ಕಡಿಮೆ, ಸಂತೋಷದಿಂದ ಕಟ್ಟುವುದೇ ಹೆಚ್ಚು ಎಂಬುದನ್ನು ಈ ಕ್ಲಬ್ಬುಗಳು ಬಹಳ ಹಿಂದೆಯೇ ಕಂಡುಕೊಂಡಿವೆ. ಡಬ್ಬಿ ತುಂಬಿದಾಗ ಅದು ಯಾವುದಾದರೊಂದು ಸರ್ಕಾರಿ ಶಾಲೆಯ ಮಕ್ಕಳ ನೋಟ್‌ಪುಸ್ತಕವಾಗುತ್ತದೆ.

ಸಭೆಯ ಕ್ರಮ ಕಲ್ಲಿನಲ್ಲಿ ಕೊರೆದದ್ದು. ಅಧ್ಯಕ್ಷರು ಗಂಟೆ ಬಾರಿಸುತ್ತಾರೆ. ಪ್ರಾರ್ಥನೆ ಕನ್ನಡದಲ್ಲಿ, ಕಾರ್ಯದರ್ಶಿಯ ವರದಿ ಇಂಗ್ಲಿಷಿನಲ್ಲಿ, ಹಿಂದಿನ ಸಾಲಿನ ಗುಸುಗುಸು ತೆಲುಗಿನಲ್ಲಿ, ದಂಡದ ತಕರಾರು ಉರ್ದುವಿನಲ್ಲಿ. ಇದು ಬಳ್ಳಾರಿ; 1953ರ ಅಕ್ಟೋಬರ್ 1ರಂದು ಊರು ಮೈಸೂರು ರಾಜ್ಯಕ್ಕೆ ಸೇರಿತು, ಆದೋನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು, ಬೀಗತನಗಳು ಮಾತ್ರ ಎಲ್ಲಿದ್ದವೋ ಅಲ್ಲೇ ಉಳಿದವು. ರೋಟರಿಯವರ ನಕ್ಷೆಯಂತೂ ರಾಜ್ಯದ ಗಡಿಯನ್ನು ಲೆಕ್ಕಕ್ಕೇ ಹಿಡಿದಿಲ್ಲ, ಬಳ್ಳಾರಿಗೂ ಅನಂತಪುರಕ್ಕೂ ಅಲ್ಲಿ ಒಂದೇ ಜಿಲ್ಲೆ, ಒಬ್ಬರೇ ಗವರ್ನರ್. ಸಭೆಯಲ್ಲಿ ಅತಿಥಿ ಉಪನ್ಯಾಸವೂ ಒಂದಿರುತ್ತದೆ. ಮಧುಮೇಹದ ಬಗ್ಗೆ ವೈದ್ಯರು ಮಾತನಾಡಿದ ದಿನ ಎಲ್ಲರೂ ಗಂಭೀರವಾಗಿ ತಲೆಯಾಡಿಸಿ, ಆಮೇಲೆ ಎದ್ದು ಹೋಗಿ ಜಿಲೇಬಿ ತಿಂದರು. ಉಪನ್ಯಾಸಕ್ಕಿಂತ ವಂದನಾರ್ಪಣೆ ಉದ್ದವಾಗುವುದು ಅಪರೂಪವೇನಲ್ಲ. ಬಂದವರಿಗೆ, ಬರಲಾಗದವರಿಗೆ, ಮೈಕಿನವರಿಗೆ, ಕರೆಂಟು ಹೋಗದಂತೆ ನೋಡಿಕೊಂಡ ದೇವರಿಗೆ.

ಇವರೆಲ್ಲ ವಾರ ತಪ್ಪದೆ ಬರುವುದು ವಂದನೆ ಸ್ವೀಕರಿಸುವುದಕ್ಕಲ್ಲ, ಒಗ್ಗರಣೆ ಮಿರ್ಚಿಗೆ. ನೆನೆಸಿ ಹಿಂಡಿದ ಮಂಡಾಳಿಗೆ ಒಗ್ಗರಣೆ ಕೊಟ್ಟು ಮೇಲೆ ಪುಟಾಣಿ ಹಿಟ್ಟು ಉದುರಿಸಿ, ಪಕ್ಕದಲ್ಲಿ ಎರಡು ಬಿಸಿ ಮಿರ್ಚಿ ಇಟ್ಟರೆ ಕೋರಂ ತಾನಾಗಿಯೇ ಭರ್ತಿಯಾಗುತ್ತದೆ. ಒಂದು ಅವಧಿಯ ಅಧ್ಯಕ್ಷರು ಆರೋಗ್ಯದ ಹೆಸರಿನಲ್ಲಿ ಮೊಳಕೆಕಾಳು ತರಿಸಿದರು. ಆ ತಿಂಗಳ ಹಾಜರಾತಿ ಪುಸ್ತಕವನ್ನು ಇಂದಿಗೂ ಕಾರ್ಯದರ್ಶಿಗಳು ಹೊಸಬರಿಗೆ ಎಚ್ಚರಿಕೆಯಾಗಿ ತೋರಿಸುತ್ತಾರೆ. 2016ರಲ್ಲಿ ರೋಟರಿಯವರು ತಮ್ಮ ನಿಯಮ ಸಡಿಲಿಸಿ, ತಿಂಗಳಿಗೆ ಎರಡು ಸಭೆಯಾದರೂ ಸಾಕು ಎಂದರು. ನಾವೂ ಹಾಗೆ ಮಾಡೋಣವೆಂದು ಯುವ ಸದಸ್ಯರೊಬ್ಬರು ಸೂಚಿಸಿದಾಗ ಹಿರಿಯರ ಸಾಲಿನಿಂದ ಬಂದದ್ದು ಒಂದೇ ಪ್ರಶ್ನೆ: “ಹಾಗಾದರೆ ಉಳಿದ ಎರಡು ವಾರ ಮಿರ್ಚಿ ಎಲ್ಲಿ ತಿನ್ನುವುದು?” ಸೂಚನೆಗೆ ಅನುಮೋದಕರು ಸಿಗಲಿಲ್ಲ.

ಇಷ್ಟೆಲ್ಲ ಆದ ಮೇಲೆ ಸೇವೆ. ಕ್ಲಬ್ಬಿನ ವರ್ಷ ಚಿಕಾಗೊದ ಲೆಕ್ಕದಂತೆ ನಡೆಯುತ್ತದೆ, ಬಳ್ಳಾರಿಯ ಆಕಾಶ ತನ್ನ ಲೆಕ್ಕದಂತೆ ನಡೆಯುತ್ತದೆ. ನಮ್ಮ ಸೇವೆಯ ಕಷ್ಟಗಳಲ್ಲಿ ಮುಕ್ಕಾಲು ಪಾಲು ಇಲ್ಲಿಂದಲೇ ಬಂದದ್ದೆಂದು ನನ್ನ ಅಭಿಪ್ರಾಯ.

ಜುಲೈ ಒಂದಕ್ಕೆ ಹೊಸ ಅಧ್ಯಕ್ಷರು ಬರುತ್ತಾರೆ. ಉತ್ಸಾಹ ಉಕ್ಕುತ್ತಿರುತ್ತದೆ, ಕೋಟಿಗೆ ಇನ್ನೂ ಇಸ್ತ್ರಿ ಇರುತ್ತದೆ. ಮೊದಲ ವಾರವೇ ಗಿಡ ನೆಡುವ ಕಾರ್ಯಕ್ರಮ. ಅದಕ್ಕೆ ದೇಶದ ಬೆಂಬಲವೂ ಉಂಟು. 1950ರಲ್ಲಿ ಕೇಂದ್ರ ಸಚಿವರಾಗಿದ್ದ ಕೆ. ಎಂ. ಮುನ್ಷಿಯವರು ಆರಂಭಿಸಿದ ವನಮಹೋತ್ಸವ ಜುಲೈ ಮೊದಲ ವಾರದ್ದೇ. ದೆಹಲಿಗೆ ಅದು ಮುಂಗಾರು ಮುಟ್ಟುವ ಹೊತ್ತು. ಬಳ್ಳಾರಿಯಲ್ಲಿ ಜುಲೈ ಎಂದರೆ ಗಾಳಿ. ಮಳೆಯನ್ನೆಲ್ಲ ಮಲೆನಾಡಿನಲ್ಲಿ ಸುರಿದು ಹಗುರಾದ ಮೋಡಗಳು ನಮ್ಮ ನೆತ್ತಿಯ ಮೇಲೆ ದೂಳೆಬ್ಬಿಸಿಕೊಂಡು ಓಡುತ್ತವೆ. ಆ ತಿಂಗಳು ನಮಗೆ ನೀರು ಬರುವುದು ಮುಗಿಲಿನಿಂದಲ್ಲ, ಹೊಳೆಯಿಂದ. ತುಂಗಭದ್ರಾ ಜಲಾಶಯ ತುಂಬುತ್ತಿದೆ ಎಂಬ ಸುದ್ದಿಯನ್ನು ಒಣ ಗಂಟಲಿನಲ್ಲಿ ಓದುತ್ತೇವೆ. ಇಲ್ಲಿ ಮಳೆ ಮನಸ್ಸು ಮಾಡುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ. ಇದು ರೈತರಿಗೆ ಗೊತ್ತು, ನರ್ಸರಿಯವರಿಗೆ ಗೊತ್ತು, ಪದಗ್ರಹಣಕ್ಕೆ ಗೊತ್ತಿಲ್ಲ. ಒಂದು ಹೊಂಗೆ ಸಸಿಗೆ ಎಂಟು ಕೈಗಳು, ಎಲ್ಲರ ಮುಖವೂ ಕ್ಯಾಮೆರಾದ ಕಡೆ, ಗಿಡದ ಮುಖ ಯಾವ ಕಡೆಯೋ. ಮೂರನೆಯ ವಾರಕ್ಕೆ ಸಸಿ ಒಣಗುತ್ತದೆ ಅಥವಾ ಮೇಕೆಗೆ ಸಲ್ಲುತ್ತದೆ. ಕ್ಲಬ್ಬಿನ ಹೆಸರು ಬರೆದ ಕಬ್ಬಿಣದ ಬೇಲಿ ಮಾತ್ರ ಗಟ್ಟಿಮುಟ್ಟಾಗಿ ನಿಂತಿರುತ್ತದೆ. ಒಳಗೆ ಏನೂ ಇಲ್ಲದ ಬೇಲಿಗಳು ನಮ್ಮ ಬಡಾವಣೆಯ ರಸ್ತೆಯಲ್ಲಿ ಸಾಲಾಗಿ ಇವೆ. ಅವುಗಳನ್ನು ಓದುತ್ತ ನಡೆದರೆ ಇತ್ತೀಚಿನ ಅಧ್ಯಕ್ಷರ ಪಟ್ಟಿಯೇ ಸಿಗುತ್ತದೆ.

ರಕ್ತದಾನದ್ದೂ ಇದೇ ಕಥೆ. ಆಗಸ್ಟ್ 15, ಜನವರಿ 26, ಗಣ್ಯರ ಹುಟ್ಟುಹಬ್ಬ ಎಂದು ಶಿಬಿರಗಳೆಲ್ಲ ಒಂದೇ ದಿನ ಒತ್ತರಿಸಿಕೊಂಡು ಬರುತ್ತವೆ. ಆದರೆ ರಕ್ತ ಬ್ಯಾಂಕಿನ ತಂಪಿನಲ್ಲಿಟ್ಟರೂ ರಕ್ತಕಣಗಳು ಬಾಳುವುದು ಐದಾರು ವಾರ ಮಾತ್ರ. ಗಣರಾಜ್ಯೋತ್ಸವದ ದಿನ ಕೊಟ್ಟ ರಕ್ತ ಮೇ ತಿಂಗಳ ಬಾಣಂತಿಗೆ ಒದಗುವುದಿಲ್ಲ. ಮೇ ತಿಂಗಳಲ್ಲಿ ಕಾಲೇಜುಗಳಿಗೆ ರಜೆ, ಹುಡುಗರು ಊರಲ್ಲಿರುವುದಿಲ್ಲ, ರಕ್ತಕ್ಕೆ ಪರದಾಟ. ಆಗ ಶಿಬಿರ ಮಾಡೋಣವೆಂದರೆ ಮುಖ್ಯ ಅತಿಥಿಗಳು ಊಟಿಯಲ್ಲಿರುತ್ತಾರೆ.

ನಮ್ಮವರು ತಕರಾರಿಲ್ಲದೆ ಮಾಡಿದ ಕೆಲಸವೆಂದರೆ ಪೋಲಿಯೊ ಹನಿಯದು. ಅದರ ದಿನಾಂಕವನ್ನು ಸರ್ಕಾರ ನಿಗದಿ ಮಾಡುತ್ತಿತ್ತು, ಅಧ್ಯಕ್ಷರಲ್ಲ, ಅದಕ್ಕೇ ಇರಬೇಕು. ಭಾನುವಾರ ಬೆಳಗ್ಗೆ ಬಸ್ ನಿಲ್ದಾಣದ ನೆರಳಿನಲ್ಲಿ ಮೇಜು ಹಾಕಿ ಕೂರುವುದು, ಮಂಜುಗಡ್ಡೆಯ ಪೆಟ್ಟಿಗೆಯಿಂದ ನರ್ಸಮ್ಮ ಸೀಸೆ ತೆಗೆಯುವುದು, ಬಾಯಿ ಬಿಗಿ ಹಿಡಿದ ಮಗುವಿನ ಕೆನ್ನೆ ಒತ್ತಿ ಎರಡು ಹನಿ ಬಿಡುವುದು, ನಾವು ಎಡಗೈ ಕಿರುಬೆರಳಿಗೆ ಶಾಯಿಯ ಗುರುತು ಹಾಕುವುದು. ಆ ಸೀಸೆಯ ಮೇಲೆ ಒಂದು ಸಣ್ಣ ವೃತ್ತ, ಅದರೊಳಗೆ ಬಿಳಿಯ ಚೌಕ. ಲಸಿಕೆಗೆ ಬಿಸಿ ತಾಗುತ್ತ ಹೋದ ಹಾಗೆ ಚೌಕ ಕಪ್ಪಾಗುತ್ತ ಬರುತ್ತದೆ. ವೃತ್ತದ ಬಣ್ಣಕ್ಕೆ ಸಮನಾಯಿತೆಂದರೆ ಆ ಸೀಸೆಯನ್ನು ಎಸೆಯಬೇಕು. ಬಳ್ಳಾರಿಯ ಬಿಸಿಲಿನಲ್ಲಿ ಆ ಚೌಕವನ್ನು ನರ್ಸಮ್ಮ ನೋಡುತ್ತಿದ್ದ ರೀತಿಯಲ್ಲಿ ಅಕ್ಕಸಾಲಿಗರೂ ಚಿನ್ನವನ್ನು ನೋಡಲಾರರು. 2011ರ ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯ ಮಗುವಿನಲ್ಲಿ ಕಂಡದ್ದೇ ದೇಶದಲ್ಲಿ ಸಹಜ ಪೋಲಿಯೊ ವೈರಾಣುವಿನ ಕೊನೆಯ ಪ್ರಕರಣವಾಯಿತು. 2014ರ ಮಾರ್ಚ್ 27ಕ್ಕೆ ಪ್ರಮಾಣಪತ್ರವೂ ಬಂತು. 1985ರಿಂದ ಇದಕ್ಕೆ ಜಗತ್ತಿನಾದ್ಯಂತ ಹಣ, ಜನ ಎರಡನ್ನೂ ಕೂಡಿಸಿದವರಲ್ಲಿ ರೋಟರಿಯವರು ಮುಂದಿನ ಸಾಲಿನವರು. ಬಸ್ ನಿಲ್ದಾಣದ ಆ ಮೇಜಿನ ಹಿಂದೆ ಮಾತ್ರ ಯಾರು ಯಾವ ಕ್ಲಬ್ಬು ಎಂದು ಯಾರೂ ಕೇಳುತ್ತಿರಲಿಲ್ಲ, ಕೋಟನ್ನೂ ಯಾರೂ ಹಾಕಿರುತ್ತಿರಲಿಲ್ಲ.

ಇನ್ನು ಅರವಟಿಗೆ. ಇದು ಚಿಕಾಗೊದಿಂದ ಬಂದದ್ದಲ್ಲ. ಕ್ಲಬ್ಬುಗಳು ಹುಟ್ಟುವುದಕ್ಕೆ ಮೊದಲೇ ಈ ನಾಡಿನಲ್ಲಿ ದಾರಿಹೋಕರಿಗೆ ನೀರಿಡುವುದು ಪುಣ್ಯದ ಕೆಲಸವಾಗಿತ್ತು. ಗಂಟೆಯೂ ಇರಲಿಲ್ಲ, ವಂದನಾರ್ಪಣೆಯೂ ಇರಲಿಲ್ಲ. ಬೇಸಿಗೆಯ ಬಳ್ಳಾರಿಗೆ ಇದಕ್ಕಿಂತ ದೊಡ್ಡ ಸೇವೆ ನನಗೆ ತೋಚುವುದಿಲ್ಲ. ಆದರೆ ಬಿಸಿಲು ಏರುವುದು ಮಾರ್ಚಿನಲ್ಲಿ. ಅಷ್ಟರಲ್ಲಿ ಅಧ್ಯಕ್ಷರ ಅವಧಿ ಇಳಿಮುಖವಾಗಿರುತ್ತದೆ, ಕೈಯಿಂದ ಹಣ ಹೋಗಿರುತ್ತದೆ, ಮನೆಯವರ ಕೆಂಗಣ್ಣಿಗೆ ಗುರಿಯಾಗಿರುತ್ತಾರೆ. ಜುಲೈನಲ್ಲಿ ಹುರುಪಿದೆ, ಮಳೆಯಿಲ್ಲ. ಏಪ್ರಿಲಿನಲ್ಲಿ ಊರಿಗೆ ಬಾಯಾರಿಕೆಯಿದೆ, ಅಧ್ಯಕ್ಷರಿಗೆ ಹುರುಪಿಲ್ಲ.

ಆದರೂ ಉದ್ಘಾಟನೆ ಆಗುತ್ತದೆ. ಬೇವಿನ ಮರದ ಕೆಳಗೆ ಮರಳು ಹಾಸಿ, ಅದರ ಮೇಲೆ ಹರವಿಗಳನ್ನು ಕೂರಿಸಿ, ಸುತ್ತ ಗೋಣಿತಾಟು ಸುತ್ತಿ ಒದ್ದೆ ಮಾಡಿ, ಉದ್ದ ಹಿಡಿಯ ಸೌಟು, ಸರಪಳಿ ಬಿಗಿದ ಲೋಟ ಇಟ್ಟು, ಗಣ್ಯರು ಒಂದು ಲೋಟ ಕುಡಿದು ಫೋಟೊ ಆಗುತ್ತದೆ. ಮೊದಲ ದಿನದ ನೀರು ಮಣ್ಣಿನ ವಾಸನೆ ಹೊಡೆಯುತ್ತದೆ, ಮೂರನೆಯ ದಿನಕ್ಕೆ ಹರವಿಯ ಮೈ ಬೆವರಲು ಆರಂಭಿಸುತ್ತದೆ. ನೀರು ತಣ್ಣಗಾಗುವುದೇ ಆ ಬೆವರಿನಿಂದ, ಅದು ಆರುವಾಗ ಒಳಗಿನ ಬಿಸಿಯನ್ನು ಹೊತ್ತೊಯ್ಯುತ್ತದೆ. ಹರವಿಯ ಗುಣ ಇದು: ತುಂಬಿಸಿದರೆ ಮಾತ್ರ ತಂಪು. ಉದ್ಘಾಟನೆ ಒಂದೇ ಸಲ, ತುಂಬಿಸುವುದು ದಿನಾ. ಇಪ್ಪತ್ತು ಲೀಟರಿನ ಕ್ಯಾನುಗಳು ಬರಬೇಕು, ಯಾರೋ ಎತ್ತಿ ಸುರಿಯಬೇಕು, ವಾರಕ್ಕೆರಡು ಸಲ ಹರವಿಯ ಒಳಮೈ ಉಜ್ಜಬೇಕು, ಕದ್ದುಹೋದ ಲೋಟದ ಜಾಗಕ್ಕೆ ಇನ್ನೊಂದು ಕಟ್ಟಬೇಕು. ನನ್ನ ಹೆಂಡತಿ ಒಮ್ಮೆ ಪತ್ರಿಕೆಯ ಫೋಟೊ ನೋಡಿ, “ಮನೆಯಲ್ಲಿ ಒಂದು ಲೋಟ ನೀರು ತಾವಾಗಿ ಬಗ್ಗಿಸಿಕೊಂಡು ಕುಡಿಯದ ಗಂಡಸರೆಲ್ಲ ಸಾಲಾಗಿ ನಿಂತಿದ್ದೀರಲ್ಲ” ಎಂದಳು. ಉತ್ತರ ಕೊಡುವ ಮಾತಲ್ಲ ಅದು.

ನಮ್ಮ ಹರವಿ ತುಂಬಿಸುವವರು ಹಾರ್ಡ್‌ವೇರ್ ಅಂಗಡಿಯ ಹಿರಿಯರೊಬ್ಬರು. ಅವರು ಎಂದೂ ಅಧ್ಯಕ್ಷರಾದವರಲ್ಲ, ಆಗಿ ಎಂದರೆ “ಕೋಟು ಸೆಕೆ” ಎನ್ನುತ್ತಾರೆ. ಅಂಗಡಿ ತೆರೆಯುವ ಮೊದಲು ಆಳು ಹುಡುಗನೊಂದಿಗೆ ಬಂದು ಕ್ಯಾನು ಸುರಿದು, ತಾವೇ ಒಂದು ಲೋಟ ಕುಡಿದು ನೋಡಿ, ಗೋಣಿತಾಟಿಗೆ ನೀರು ಚಿಮುಕಿಸಿ ಹೋಗುತ್ತಾರೆ. ಆದರೆ ಅವರೊಬ್ಬರೇ ಎಲ್ಲ ಬೇವಿನ ಮರಗಳನ್ನೂ ನೋಡಿಕೊಳ್ಳಲಾರರು. ಅದಕ್ಕೆ ಅವರು ವಾರದ ಸಭೆಯನ್ನು ಬಳಸಿಕೊಳ್ಳುತ್ತಾರೆ. ವರದಿ ಮುಗಿಯುವವರೆಗೆ ಸುಮ್ಮನಿದ್ದು, ಮಿರ್ಚಿಯ ತಟ್ಟೆ ಎಲ್ಲರ ಕೈಗೆ ಬಂದ ಮೇಲೆ, ಏಳದೆ, ಮೈಕ್ ಕೇಳದೆ, “ಬಸ್ ನಿಲ್ದಾಣದ ಹರವಿ ನಿನ್ನೆ ಒಣಗಿತ್ತು. ಯಾರ ಪಾಳಿ?” ಎನ್ನುತ್ತಾರೆ. ಮಿರ್ಚಿ ಬಾಯಲ್ಲಿದ್ದವರು ಅಗಿಯುವುದನ್ನು ನಿಲ್ಲಿಸುತ್ತಾರೆ. ಇಂಗ್ಲಿಷಿನ ವರದಿಯಲ್ಲಿ ಆ ಅರವಟಿಗೆ ‘ಯಶಸ್ವಿಯಾಗಿ ನಡೆಯುತ್ತಿರುವ ಯೋಜನೆ’ ಎಂದು ಈಗಷ್ಟೇ ದಾಖಲಾಗಿರುತ್ತದೆ.

ತಿಂಗಳಿಗೆ ಎರಡೇ ಸಭೆ ಎಂಬ ಸೂಚನೆ ಬಿದ್ದುಹೋದದ್ದಕ್ಕೆ ನನಗೆ ಸಂತೋಷವಾದದ್ದು ಇದಕ್ಕೇ. ಹದಿನೈದು ದಿನಕ್ಕೊಮ್ಮೆ ಈ ಪ್ರಶ್ನೆ ಕೇಳಿದರೆ ಹರವಿ ಅಷ್ಟೂ ದಿನ ಒಣಗಿರುತ್ತದೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೇಳಿದರೆ ಕೈಮುಗಿದ ಚಿತ್ರ ಬರುತ್ತದೆ, ನೀರು ಬರುವುದಿಲ್ಲ. ತಟ್ಟೆ ಹಿಡಿದು ಎದುರಿಗೆ ಕುಳಿತ ಮನುಷ್ಯನಿಗೆ ಓಡಿಹೋಗಲು ದಾರಿಯಿಲ್ಲ. ಎರಡನೆಯ ಮಿರ್ಚಿ ಇನ್ನೂ ಬಾಕಿ ಇರುತ್ತದೆ.

ಈ ಸಲ ಜುಲೈಗೆ ಬರಲಿರುವ ಅಧ್ಯಕ್ಷರು ಮೊದಲ ವಾರವೇ ನೂರು ಸಸಿ ನೆಡುವುದಾಗಿ ಘೋಷಿಸಿದಾಗಲೂ ಕೇಳಿದವರು ಅದೇ ಹಿರಿಯರು: “ಜುಲೈನಲ್ಲಿ ನೀರು ಹಾಕುವವರು ಯಾರು?” ಬಹಳ ಹೊತ್ತು ಚರ್ಚೆಯಾಗಿ, ನೆಡುವುದನ್ನು ಸೆಪ್ಟೆಂಬರಿಗೆ ಮುಂದೂಡುವುದೆಂದು, ಅಲ್ಲಿಯವರೆಗೆ ಖಾಲಿ ಬೇಲಿಗಳನ್ನು ಕಿತ್ತು ಬಣ್ಣ ಹಚ್ಚಿಸಿಡುವುದೆಂದು ತೀರ್ಮಾನವಾಯಿತು. ಬೇಲಿಯ ಮೇಲಿನ ಹಳೆಯ ಹೆಸರುಗಳನ್ನು ಅಳಿಸಬೇಕೋ ಬೇಡವೋ ಎಂಬ ಪ್ರಶ್ನೆಗೆ ಮಾಜಿ ಅಧ್ಯಕ್ಷರೆಲ್ಲ ಒಮ್ಮೆಲೇ ಎದ್ದು ನಿಂತದ್ದರಿಂದ, ಆ ವಿಷಯವನ್ನು ಮುಂದಿನ ವಾರದ ಸಭೆಗೆ ಇಟ್ಟಿದ್ದಾರೆ. ಫ್ಲೆಕ್ಸ್ ಆಗಲೇ ಮುದ್ರಣವಾಗಿತ್ತು. ಜುಲೈ ಎಂಬುದರ ಮೇಲೆ ಸೆಪ್ಟೆಂಬರ್ ಎಂದು ಚೀಟಿ ಅಂಟಿಸಲು ಬಟ್ಟೆಯಂಗಡಿಯವರು ಒಪ್ಪಿಕೊಂಡಿದ್ದಾರೆ, ಚೀಟಿಯ ಖರ್ಚನ್ನು ದಂಡದ ಡಬ್ಬಿಯಿಂದ ಕೊಡುವುದಿಲ್ಲ ಎಂಬ ಷರತ್ತಿನ ಮೇಲೆ.